ಗತಕಾಲದ ಪತ್ತೇದಾರಿಕೆ

ಪತ್ತೇದಾರಿ ಕಾದಂಬರಿಯನ್ನು ಓದುವುದೆಂದರೆ ಹೊತ್ತುಗಳೆಯುವ ಕೆಲಸ, ಒಳ್ಳೆಯ ಹುಡುಗರಿಗೆ ತಕ್ಕುದಲ್ಲ ಎಂದು ಹಿರಿಯರು ಭಾವಿಸುತ್ತಿದ್ದ ಕಾಲವೊಂದಿತ್ತು. ನಾನು ಶಿಗ್ಗಾವಿಯಲ್ಲಿ ಮಾಧ್ಯಮಿಕ ಶಾಲೆಯ ವಿದ್ಯಾರ್ಥಿಯಾಗಿದ್ದುದು 1970ರ ದಶಕದಲ್ಲಿ. ಪೇಟೆಯ ಅಂಗಡಿಯೊಂದರಲ್ಲಿ ದಿನಬಾಡಿಗೆಗೆ ಪುಸ್ತಕಗಳು ದೊರೆಯುತ್ತಿದ್ದವು. ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮನ ಸಾಹಸ' 1952ರಲ್ಲಿಯೇ ಪ್ರಕಟವಾಗಿತ್ತು. ನನ್ನ ಕೈ ಸೇರುವ ಹೊತ್ತಿಗೆ ಆ ಪ್ರತಿಯ ರಟ್ಟು ಹರಿದು, ಮೊದಲ ನಾಲ್ಕು ಪುಟಗಳು ಕಾಣೆಯಾಗಿದ್ದವು. ಆ ನಾಲ್ಕು ಪುಟಗಳಲ್ಲಿ ಏನಿದ್ದೀತೆಂಬುದನ್ನು ಉಳಿದ ಕಥೆಯಿಂದ ಊಹಿಸಿಕೊಂಡುದೇ ನನ್ನ ಮೊದಲ ಪತ್ತೇದಾರಿಕೆ. ಬೀಜಗಣಿತದ ಪುಸ್ತಕದ ನಡುವೆ ಅದನ್ನಿಟ್ಟು ಓದುತ್ತಿದ್ದುದು ತೀರ್ಥರೂಪರ ಕಣ್ಣಿಗೆ ಬಿದ್ದು, ನನಗೆ ತಕ್ಕ ಶಾಸ್ತಿಯೂ ಆಯಿತು.

ಮುಖ್ಯೋಪಾಧ್ಯಾಯರು ಮಾತ್ರ ಬೇರೊಂದು ದಾರಿಯನ್ನು ಹಿಡಿದರು. ಅವರು ಬೈಯಲಿಲ್ಲ; ಕಪಾಟನ್ನು ತೆರೆದು ಗಳಗನಾಥರ 'ಮಾಧವ ಕರುಣಾವಿಲಾಸ'ವನ್ನು ಕೈಗಿತ್ತರು. ಗಳಗನಾಥರು (1869–1942) ನಮ್ಮ ಭಾಗದವರೇ. ಹಾವೇರಿಯ ಬಳಿಯ ಗಳಗನಾಥ ಗ್ರಾಮದವರು. ವೆಂಕಟೇಶ ತಿರಕೊ ಕುಲಕರ್ಣಿ ಎಂಬುದು ಅವರ ಹೆಸರು. ವೃತ್ತಿಯಿಂದ ಶಿಕ್ಷಕರಾಗಿದ್ದ ಅವರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದರು. ವಿಜಯನಗರದ ಉದಯದ ಆ ಕಥೆಯನ್ನು ಓದಿದ ಮೇಲೆ ನನ್ನಲ್ಲಿ ಎರಡು ಹಸಿವುಗಳು ನೆಲೆಸಿದವು. ಮರೆಯಲ್ಲಿರುವುದನ್ನು ಬಯಲಿಗೆಳೆಯಬೇಕೆಂಬುದು ಒಂದು; ಕಳೆದುಹೋದ ಕಾಲದಲ್ಲಿ ನಡೆದಾಡಿ ಬರಬೇಕೆಂಬುದು ಇನ್ನೊಂದು. ಇವೆರಡನ್ನೂ ಒಂದೇ ಪುಸ್ತಕ ತಣಿಸಬಲ್ಲದೆಂಬುದು ನನಗೆ ತಿಳಿದದ್ದು ಸೇವೆಯಿಂದ ನಿವೃತ್ತನಾದ ಬಳಿಕ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ದಿನ ಮನೆಗೆ ಬಂದು, ಸ್ಟೀವನ್ ಸೇಲರ್ ಎಂಬ ಅಮೆರಿಕದ ಲೇಖಕರ ಇಂಗ್ಲಿಷ್ ಕಾದಂಬರಿಯೊಂದನ್ನು ಕೊಟ್ಟು ಹೋದರು. 'ರೋಮನ್ ಬ್ಲಡ್' ಎಂಬ ಆ ಕಾದಂಬರಿ ಅಚ್ಚಾದುದು 1991ರಲ್ಲಿ. ಅದು ಒಂದು ಮಾಲಿಕೆಯ ಮೊದಲ ಗ್ರಂಥ. ಎರಡು ಸಾವಿರ ವರ್ಷಗಳ ಹಿಂದಿನ ರೋಮ್ ನಗರದಲ್ಲಿ ವಾಸಿಸುವ ಗೋರ್ಡಿಯಾನಸ್ ಎಂಬ ಪತ್ತೇದಾರನೇ ಇದರ ನಾಯಕ. ಗೋರ್ಡಿಯಾನಸ್ ಕಲ್ಪಿತ ವ್ಯಕ್ತಿ. ಆದರೆ ಅವನ ಬಾಗಿಲನ್ನು ತಟ್ಟಿ ಕೆಲಸ ಒಪ್ಪಿಸುವವರಲ್ಲಿ ಹಲವರು ಇತಿಹಾಸದ ನಿಜವಾದ ಮನುಷ್ಯರು. ಪುಸ್ತಕದಿಂದ ಪುಸ್ತಕಕ್ಕೆ ಅವನಿಗೆ ವಯಸ್ಸಾಗುತ್ತದೆ, ಅವನ ಕಣ್ಣೆದುರಿನಲ್ಲಿಯೇ ರೋಮಿನ ಗಣರಾಜ್ಯವು ಕುಸಿಯುತ್ತದೆ. ನಿಘಂಟನ್ನು ಮಗ್ಗುಲಲ್ಲಿರಿಸಿಕೊಂಡು ಓದತೊಡಗಿದ ನನಗೆ ಮೊದಲ ಪುಸ್ತಕ ಮುಗಿಯಲು ಒಂದು ತಿಂಗಳು ಹಿಡಿಯಿತು. ಆಮೇಲಿನವು ಬೇಗ ಮುಗಿದವು.

'ರೋಮನ್ ಬ್ಲಡ್' ಕಾದಂಬರಿಗೆ ಆಧಾರವಾದುದು ಕ್ರಿ. ಪೂ. 80ರಲ್ಲಿ ರೋಮಿನ ನ್ಯಾಯಸಭೆಯಲ್ಲಿ ನಡೆದ ಒಂದು ಮೊಕದ್ದಮೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ತಿಳಿದುಕೊಳ್ಳಬೇಕು. ಆಗ ರೋಮಿನಲ್ಲಿ ಸುಲ್ಲಾ ಎಂಬ ಸೇನಾನಿ ಸರ್ವಾಧಿಕಾರಿಯಾಗಿ ಮೆರೆದಿದ್ದ ಕಾಲ. ಅವನು ತನ್ನ ವೈರಿಗಳ ಹೆಸರುಗಳನ್ನು ಪಟ್ಟಿಮಾಡಿ ಸಾರ್ವಜನಿಕ ಸ್ಥಳದಲ್ಲಿ ಅಂಟಿಸುತ್ತಿದ್ದನು. ಪಟ್ಟಿಯಲ್ಲಿ ಹೆಸರು ಬಂದವನನ್ನು ಯಾರು ಬೇಕಾದರೂ ಕೊಲ್ಲಬಹುದಾಗಿತ್ತು. ಕೊಂದವನಿಗೆ ಬಹುಮಾನ, ಸತ್ತವನ ಆಸ್ತಿ ಹರಾಜು. ಕ್ರಿ. ಪೂ. 81ರ ಜೂನ್ 1ಕ್ಕೆ ಈ ಪಟ್ಟಿ ಮುಗಿಯಿತೆಂದು ಘೋಷಣೆಯಾಗಿತ್ತು. ಅದಾದ ಕೆಲವು ತಿಂಗಳುಗಳಿಗೆ, ಅಮೇರಿಯ ಎಂಬ ಊರಿನ ಸೆಕ್ಸ್ಟಸ್ ರೋಸ್ಕಿಯಸ್ ಎಂಬ ಶ್ರೀಮಂತನು (ಹೆಸರನ್ನು ಕೇಳಿ ಅಮೆರಿಕ ಖಂಡವೆಂದು ಭ್ರಮಿಸಬಾರದು, ಅದು ಇಟಲಿಯದೇ ಒಂದು ಸಣ್ಣ ಪಟ್ಟಣ) ರೋಮಿನಲ್ಲಿ ರಾತ್ರಿಯ ಊಟ ಮುಗಿಸಿ ಬಿಡಾರಕ್ಕೆ ಮರಳುವಾಗ ಬೀದಿಯಲ್ಲಿ ಕೊಲೆಯಾದನು. ಅವನ ಮಗನಿಗೂ ಅದೇ ಹೆಸರು. ಊರಿನಲ್ಲಿ ಒಕ್ಕಲುತನವನ್ನು ನೋಡಿಕೊಂಡಿದ್ದ ಆ ಮಗನೇ ತಂದೆಯನ್ನು ಕೊಲ್ಲಿಸಿದನೆಂದು ಮೊಕದ್ದಮೆ ಹೂಡಲಾಯಿತು. ಪಿತೃಹತ್ಯೆಗೆ ರೋಮನ್ನರ ಶಿಕ್ಷೆ ಘೋರವಾದುದು: ಅಪರಾಧಿಯನ್ನು ಚರ್ಮದ ಚೀಲದಲ್ಲಿ ಜೀವಸಹಿತ ಹಾಕಿ ಹೊಲಿದು ನೀರಿಗೆಸೆಯುತ್ತಿದ್ದರು.

ಆ ಮಗನ ಪರವಾಗಿ ಮಾತನಾಡಲು ದೊಡ್ಡ ವಕೀಲರಾರೂ ಮುಂದೆ ಬರಲಿಲ್ಲ. ಕಾರಣವು ಎಲ್ಲರಿಗೂ ತಿಳಿದುದೇ ಆಗಿತ್ತು. ಸತ್ತವನ ಆಸ್ತಿಯನ್ನು ಕೊಂಡವನು ಸುಲ್ಲಾನ ಪ್ರೀತಿಪಾತ್ರನೂ ಅವನಿಂದ ದಾಸ್ಯಮುಕ್ತನಾದವನೂ ಆದ ಕ್ರಿಸೊಗೊನಸ್. ಕೊನೆಗೆ ಎದ್ದು ನಿಂತವನು 26 ವರ್ಷದ ಒಬ್ಬ ತರುಣ. ಸಿಸೆರೊ ಎಂಬ ಅವನ ಹೆಸರನ್ನು ಲೋಕವು ಇಂದಿಗೂ ಮರೆತಿಲ್ಲ.

ಸಿಸೆರೊ ಅಂದು ಮಾಡಿದ ಭಾಷಣ ಇಂದಿಗೂ ಉಳಿದು ಬಂದಿದೆ. ಅದನ್ನು ಅನುವಾದದಲ್ಲಿ ಓದಿದಾಗ ನನಗೆ ತೋರಿದುದಿಷ್ಟು: ಪತ್ತೇದಾರಿ ಕಥೆಗೆ ಬೇಕಾದ ಸಾಮಗ್ರಿಯೆಲ್ಲವೂ ಅಲ್ಲಿಯೇ ಇದೆ. ಸತ್ತವನಿಗೆ ಟೈಬರ್ ನದಿಯ ಬದಿಯಲ್ಲಿ 13 ಜಮೀನುಗಳಿದ್ದವು. ಅವುಗಳ ಬೆಲೆ 60 ಲಕ್ಷ ಸೆಸ್ಟರ್ಸ್ ನಾಣ್ಯಗಳು. ಕ್ರಿಸೊಗೊನಸನು ಅವನ್ನು ಕೊಂಡುದು ಬರಿಯ 2,000ಕ್ಕೆ. ಮೂವತ್ತು ಸಾವಿರ ರೂಪಾಯಿ ಬಾಳುವ ಎತ್ತನ್ನು ಸಂತೆಯಲ್ಲಿ ಹತ್ತು ರೂಪಾಯಿಗೆ ಹೊಡೆದುಕೊಂಡು ಹೋದಂತೆ! ಪಟ್ಟಿ ಮುಗಿದ ಮೇಲೆ ಸತ್ತವನ ಆಸ್ತಿ ಹರಾಜಿಗೆ ಬಂದುದಾದರೂ ಹೇಗೆ? ಸತ್ತ ಮೇಲೆ ಅವನ ಹೆಸರನ್ನು ಪಟ್ಟಿಗೆ ಸೇರಿಸಲಾಗಿತ್ತು. ಇನ್ನೊಂದು ಸಂಗತಿ. ಕೊಲೆಯಾದ ಸುದ್ದಿಯನ್ನು ಹೊತ್ತ ಗ್ಲೌಕಿಯ ಎಂಬುವನು ಹಗುರವಾದ ಗಾಡಿಗಳನ್ನು ಬದಲಿಸುತ್ತ, ರಾತ್ರಿಯ ಹತ್ತು ತಾಸುಗಳಲ್ಲಿ 56 ರೋಮನ್ ಮೈಲಿಗಳನ್ನು ಓಡಿ, ಬೆಳಗಾಗುವುದರೊಳಗೆ ಅಮೇರಿಯವನ್ನು ಮುಟ್ಟಿದನು. ಹೆಚ್ಚುಕಡಿಮೆ ಹಾನಗಲ್ಲಿನಿಂದ ಹುಬ್ಬಳ್ಳಿಗೆ ಹೋಗುವಷ್ಟು ದೂರ ಅದು, ಅದೂ ಕತ್ತಲೆಯಲ್ಲಿ. ಇಷ್ಟು ಅವಸರದ ಸುದ್ದಿಯನ್ನು ಅವನು ಮೊದಲು ತಿಳಿಸಿದುದು ಯಾರಿಗೆ? ಮಗನಿಗಲ್ಲ, ಹೆಂಡತಿಗಲ್ಲ, ಸತ್ತವನ ಹಗೆಯಾಗಿದ್ದ ಕ್ಯಾಪಿಟೊ ಎಂಬ ದಾಯಾದಿಗೆ. ಆ 13 ಜಮೀನುಗಳಲ್ಲಿ ಅತ್ಯುತ್ತಮವಾದ ಮೂರು ಮುಂದೆ ಇದೇ ಕ್ಯಾಪಿಟೊವಿನ ಪಾಲಾದವು.

ಇದರಿಂದ ಲಾಭವಾದುದು ಯಾರಿಗೆ? ಕ್ಯಾಸಿಯಸ್ ಎಂಬ ಹಿಂದಿನ ನ್ಯಾಯಾಧೀಶನೊಬ್ಬನು ಪ್ರತಿಯೊಂದು ಮೊಕದ್ದಮೆಯಲ್ಲಿಯೂ ಈ ಪ್ರಶ್ನೆಯನ್ನೇ ಕೇಳುತ್ತಿದ್ದನೆಂದು ಸಿಸೆರೊ ಸಭೆಗೆ ನೆನಪಿಸುತ್ತಾನೆ. ಆರೋಪಿಯು ಬಿಡುಗಡೆಯಾದನು. ಪುರುಷೋತ್ತಮನೂ ಷರ್ಲಾಕ್ ಹೋಮ್ಸನೂ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಅವರ ವಿದ್ಯೆಯನ್ನು ಒಬ್ಬ ತರುಣ ವಕೀಲನು ಬಯಲಿನ ನ್ಯಾಯಸಭೆಯಲ್ಲಿ ಪ್ರದರ್ಶಿಸಿದ್ದನು.

ಆದರೆ ನನ್ನ ಮನಸ್ಸು ನಿಂತುದು ಈ ಜಾಣ್ಮೆಯ ಮೇಲಲ್ಲ, ಅದೇ ಭಾಷಣದಲ್ಲಿ ಬರುವ ಇಬ್ಬರು ದಾಸರ ಮೇಲೆ. ಕೊಲೆಯಾದ ರಾತ್ರಿ ಇಬ್ಬರು ದಾಸರು ತಮ್ಮ ಯಜಮಾನನ ಜೊತೆಯಲ್ಲಿದ್ದರು. ನಡೆದುದನ್ನು ಕಣ್ಣಾರೆ ಕಂಡವರು ಅವರು. ಅವರನ್ನು ವಿಚಾರಣೆಗೆ ಒಪ್ಪಿಸಬೇಕೆಂದು ಮಗನು ಕೇಳಿದನು. ಆಸ್ತಿಯೊಡನೆ ಆ ದಾಸರೂ ಪರರ ವಶವಾಗಿದ್ದರು, ಅವರು ಒಪ್ಪಿಸಲಿಲ್ಲ. ಒಪ್ಪಿಸಿದ್ದರೂ ಆ ದಾಸರ ಗತಿ ಏನಾಗುತ್ತಿತ್ತೆಂಬುದನ್ನು ನೆನೆದರೆ ಮೈ ನಡುಗುತ್ತದೆ, ಏಕೆಂದರೆ ದಾಸನ ಸಾಕ್ಷ್ಯವು ಚಿತ್ರಹಿಂಸೆಯ ಮೂಲಕ ಪಡೆದುದಾದರೆ ಮಾತ್ರ ನಂಬಲರ್ಹವೆಂಬುದು ರೋಮಿನ ಕಾನೂನು. ಹೀಗೆ ಎಲ್ಲವನ್ನೂ ಬಲ್ಲ ಇಬ್ಬರು ಒಂದು ಮಾತನ್ನೂ ಆಡದೆ ಇತಿಹಾಸದಿಂದ ಮರೆಯಾದರು.

ಕಾದಂಬರಿಕಾರನು ಕೈಯಿಡುವುದು ಈ ಎಡೆಯಲ್ಲಿ. ಕೊಲೆ ನಡೆದ ಬೀದಿಯ ಮನೆಯೊಂದರಲ್ಲಿ ಏಕೊ ಎಂಬ ಮಾತು ಬಾರದ ಬಾಲಕನನ್ನು ಸೇಲರ್ ಸೃಷ್ಟಿಸುತ್ತಾರೆ. ಅವನು ಕೊಲೆಯನ್ನು ಕಂಡಿದ್ದಾನೆ, ಆದರೆ ಹೇಳಲಾರ. ಗೋರ್ಡಿಯಾನಸನೆದುರಿಗೆ ಅವನು ಕೈಸನ್ನೆ ಮೈಸನ್ನೆಗಳಿಂದ ಆ ರಾತ್ರಿಯನ್ನು ಅಭಿನಯಿಸಿ ತೋರಿಸುವ ಸನ್ನಿವೇಶವನ್ನು ಓದುವಾಗ, ಬಾಯಿಲ್ಲದೆ ಹೋದ ಆ ಇಬ್ಬರು ದಾಸರು ಈ ಬಾಲಕನ ರೂಪದಲ್ಲಿ ಮರಳಿ ಬಂದರೋ ಎನಿಸಿತು. ಏಕೊ ಇದ್ದನೆಂದು ಯಾವ ದಾಖಲೆಯೂ ಹೇಳುವುದಿಲ್ಲ. ಆದರೆ ಇತಿಹಾಸ ಸುಮ್ಮನಿರುವ ಒಂದು ಸ್ಥಳವನ್ನು ಅವನು ನಮಗೆ ಬೆರಳಿಟ್ಟು ತೋರಿಸುತ್ತಾನೆ. ಕಥೆಯ ಅಂತ್ಯವನ್ನು ನಾನಿಲ್ಲಿ ಹೇಳಲಾರೆ. ಅದು ಓದಲಿರುವವರಿಗೆ ಬಗೆಯುವ ದ್ರೋಹವಾದೀತು. ಸಿಸೆರೊ ಕೊಟ್ಟ ಉತ್ತರವೇ ಪೂರ್ಣ ಉತ್ತರವೇ ಎಂದು ಕಾದಂಬರಿಯು ಕೇಳುತ್ತದೆ ಎಂದಷ್ಟೇ ಹೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಸಿಸೆರೊ ವಕೀಲ, ತನ್ನ ಕಕ್ಷಿಗಾರನನ್ನು ಉಳಿಸುವುದು ಅವನ ಧರ್ಮ. ಎದುರು ಪಕ್ಷದ ಎರೂಸಿಯಸನು ಮಾಡಿದ ಭಾಷಣ ಉಳಿದಿಲ್ಲ. ಒಂದೇ ಕಿವಿಯಿಂದ ಕೇಳಿದ ವ್ಯಾಜ್ಯವಿದು.

ಮಾಲಿಕೆಯ ಎರಡನೆಯ ಪುಸ್ತಕದಲ್ಲಿ ಈ ದಾಸರ ಸಂಗತಿಯೇ ಮುನ್ನೆಲೆಗೆ ಬರುತ್ತದೆ. ಅಲ್ಲಿ ಒಂದು ಕೊಲೆಗಾಗಿ ಮನೆಯ 99 ದಾಸರನ್ನು ಕೊಲ್ಲಿಸಲು ಧಣಿಯು ಸಿದ್ಧನಾಗಿದ್ದಾನೆ. ಲೇಖಕರು ಭೀಕರತೆಗಾಗಿ ಇದನ್ನು ಹೆಣೆದಿರಬೇಕೆಂದು ನಾನು ಮೊದಲು ಅಂದುಕೊಂಡೆನು. ಆಮೇಲೆ ಇತಿಹಾಸಕಾರ ಟ್ಯಾಸಿಟಸನ ಗ್ರಂಥವನ್ನು ತೆರೆದು ನೋಡಿದರೆ, ಕ್ರಿ. ಶ. 61ರಲ್ಲಿ ಪೆಡಾನಿಯಸ್ ಎಂಬ ಅಧಿಕಾರಿಯನ್ನು ಅವನ ದಾಸನೊಬ್ಬನು ಕೊಂದಾಗ ಆ ಮನೆಯ 400 ದಾಸರನ್ನು ನಿಜವಾಗಿಯೂ ಮರಣಕ್ಕೆ ಗುರಿಮಾಡಿದ್ದರು. ಜನರು ಪ್ರತಿಭಟಿಸಿದರೂ ಕೇಳಲಿಲ್ಲ. ಕಲ್ಪನೆಗಿಂತ ಇತಿಹಾಸವೇ ನಾಲ್ಕು ಪಟ್ಟು ಕ್ರೂರವಾಗಿತ್ತು.

ಅಂದಿನಿಂದ ನಾನು ಕೈಯಲ್ಲಿ ಎರಡು ಪೆನ್ಸಿಲುಗಳನ್ನು ಹಿಡಿದು ಓದುವ ರೂಢಿ ಮಾಡಿಕೊಂಡೆನು. ದಾಖಲೆಯಿರುವುದರ ಕೆಳಗೆ ನೀಲಿ ಗೆರೆ, ಲೇಖಕರು ಕಲ್ಪಿಸಿದುದರ ಕೆಳಗೆ ಕೆಂಪು ಗೆರೆ. ಮೊದಲ ಐವತ್ತು ಪುಟಗಳಲ್ಲಿ ಈ ಕೆಲಸ ಸುಲಭ. ಕಥೆ ಬಿರುಸಾದಂತೆ ಕೈ ತಡವರಿಸುತ್ತದೆ. ಒಳ್ಳೆಯ ಕಾದಂಬರಿಕಾರನಾದಷ್ಟೂ ಓದುಗನಿಗೆ ಈ ತೊಂದರೆ ಹೆಚ್ಚು; ಅವನು ಕೆಂಪನ್ನು ನೀಲಿಯಂತೆಯೇ ಕಾಣಿಸಬಲ್ಲ. ಕಾದಂಬರಿಯನ್ನೇ ಇತಿಹಾಸವೆಂದು ನಂಬಿ ಸಭೆಗಳಲ್ಲಿ ಮಾತನಾಡುವವರನ್ನು ನಾನು ಕಂಡಿದ್ದೇನೆ. ಅವರನ್ನು ಕಂಡು ನಗುವ ಹಕ್ಕು ನನಗಿಲ್ಲ. ಅದರ ಕಾರಣವನ್ನು ಹೇಳಬೇಕು.

ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆನು. ಆಗ ಹಾವೇರಿ ಜಿಲ್ಲೆಯಾಗಿರಲಿಲ್ಲ. 1997ರವರೆಗೆ ನಮ್ಮ ತಾಲೂಕುಗಳೆಲ್ಲ ಧಾರವಾಡ ಜಿಲ್ಲೆಗೆ ಸೇರಿದ್ದವು. ಒಂದು ದಿನ ಪಾಠದ ನಡುವೆ ಹಾನಗಲ್ಲಿನ ಮಾತು ಬಂದಿತು. ಪಾಂಡವರು ಅಜ್ಞಾತವಾಸದಲ್ಲಿ ಇದ್ದ ವಿರಾಟನಗರವೇ ನಮ್ಮ ಹಾನಗಲ್ಲು ಎಂದು ನಾನು ಅಭಿಮಾನದಿಂದ ಹೇಳಿದೆನು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು, "ಅದು ಖರೇ ಅಂತ ಹೆಂಗ ಗೊತ್ತಾತ್ರಿ ಸರ?" ಎಂದು ಕೇಳಿದಳು. ನನ್ನಲ್ಲಿ ಉತ್ತರ ಸಿದ್ಧವಾಗಿತ್ತು: "ಶಾಸನದೊಳಗೇ ಐತಿ. ಪಾನುಂಗಲ್ಲನ್ನ ವಿರಾಟನಗರಿ, ವಿರಾಟನಕೋಟೆ ಅಂತ ಕಲ್ಲಿನ ಮ್ಯಾಲೆ ಕೆತ್ಯಾರ." ಹುಡುಗಿ ಕುಳಿತುಕೊಳ್ಳಲಿಲ್ಲ. "ಆ ಕಲ್ಲು ಕೆತ್ತಿದವ್ರು ಪಾಂಡವರನ್ನ ನೋಡಿದ್ದರೇನ್ರಿ?"

ತರಗತಿಯೆಲ್ಲ ನಕ್ಕಿತು. ನನಗೆ ಸಿಟ್ಟು ಬಂದಿತು. "ದೊಡ್ಡ ಮಾತಾಡಬ್ಯಾಡ, ಕುಂದ್ರು" ಎಂದೆನು. ಅವಳು ಕುಳಿತಳು, ಆ ವರ್ಷ ಪೂರ್ತಿ ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

ಅವಳು ಕೇಳಿದುದು ಸರಿಯಾದ ಪ್ರಶ್ನೆಯೆಂಬುದು ಅಂದೇ ರಾತ್ರಿ ನನಗೆ ಗೊತ್ತಾಗಿತ್ತು. ಮರುದಿನ ಒಪ್ಪಿಕೊಳ್ಳುವ ಧೈರ್ಯ ಮಾತ್ರ ಬರಲಿಲ್ಲ. ಕಲ್ಲು ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅದು ಯಾವ ಪ್ರಶ್ನೆಗೆ ಉತ್ತರ ಹೇಳುತ್ತಿದೆಯೆಂದು ನಾವು ತಿಳಿಯಬೇಕು. ಕದಂಬರು, ಚಾಲುಕ್ಯರು ಆಳುತ್ತಿದ್ದ ಕಾಲದಲ್ಲಿ ಈ ಊರಿನ ಜನರು ತಮ್ಮ ಊರನ್ನು ವಿರಾಟನಗರಿಯೆಂದು ನಂಬಿದ್ದರು ಎಂಬುದಕ್ಕೆ ಆ ಶಾಸನಗಳು ಸಾಕ್ಷಿ. ಪಾಂಡವರು ಇಲ್ಲಿಗೆ ಬಂದಿದ್ದರು ಎಂಬುದಕ್ಕೆ ಅವು ಸಾಕ್ಷಿಯಲ್ಲ. ನಂಬಿಕೆಯೂ ಇತಿಹಾಸದ ಒಂದು ಸಂಗತಿಯೇ. ಅದನ್ನು ಹೀಗಳೆಯುವ ಕಾರಣವಿಲ್ಲ. ಆದರೆ ನಾನು ಕೆಂಪು ಗೆರೆ ಎಳೆಯಬೇಕಾದಲ್ಲಿ ನೀಲಿ ಗೆರೆ ಎಳೆದಿದ್ದೆನು, ಗೆರೆಯನ್ನು ತಿದ್ದಲು ಬಂದ ಕೈಯನ್ನು ತಳ್ಳಿಬಿಟ್ಟಿದ್ದೆನು.

ಗೋರ್ಡಿಯಾನಸನ ಸಹವಾಸವಾದ ಮೇಲೆ ನಾನು ಮತ್ತೆ ಹಾನಗಲ್ಲಿಗೆ ಹೋದೆನು. ತಾರಕೇಶ್ವರ ದೇವಾಲಯದ ಭುವನೇಶ್ವರಿಯ ಕಮಲವನ್ನು ತಲೆಯೆತ್ತಿ ನೋಡಿ ಬೆರಗಾಗುವುದು ಎಲ್ಲರೂ ಮಾಡುವ ಕೆಲಸ. ಈ ಬಾರಿ ನಾನು ತಲೆ ತಗ್ಗಿಸಿ ವೀರಗಲ್ಲುಗಳನ್ನು ನೋಡುತ್ತ ನಿಂತೆನು. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಹಾನಗಲ್ಲಿಗೆ ಮುತ್ತಿಗೆ ಹಾಕಿ ಆನೆಕೆರೆಯ ಬಳಿ ಬೀಡುಬಿಟ್ಟನೆಂದೂ, ಕದಂಬ ಕಾಮದೇವನ ದಂಡನಾಯಕ ಸೋಹಣಿಯು ಅವನನ್ನು ಹಿಮ್ಮೆಟ್ಟಿಸಿ ಕಾಳಗದಲ್ಲಿ ಮಡಿದನೆಂದೂ ನಮಗೆ ತಿಳಿದಿರುವುದು ಈ ಊರಿನ ವೀರಗಲ್ಲೊಂದರಿಂದ. ಗೆದ್ದವರು ಹಾನಗಲ್ಲಿನವರು ಎನ್ನುತ್ತದೆ ಕಲ್ಲು. ಆದರೆ ಕೆಲವೇ ಕಾಲದಲ್ಲಿ ಈ ನಾಡು ಹೊಯ್ಸಳರ ಕೈಸೇರಿದುದನ್ನು ಬೇರೆ ಆಧಾರಗಳಿಂದ ತಿಳಿಯುತ್ತೇವೆ. ಕಲ್ಲು ಸುಳ್ಳಾಡಿತೇ? ಇಲ್ಲ. ಅದೂ ಸಿಸೆರೊವಿನಂತೆ ಒಬ್ಬ ಕಕ್ಷಿಗಾರನ ಪರವಾಗಿ ನಿಂತಿದೆ. ತನ್ನನ್ನು ನಿಲ್ಲಿಸಿದವರ ದುಃಖವನ್ನೂ ಹೆಮ್ಮೆಯನ್ನೂ ಅದು ಹೇಳುತ್ತದೆ. ಮುಂದಿನ ವರ್ಷಗಳ ಸೋಲನ್ನು ಹೇಳುವುದು ಅದರ ಕೆಲಸವಲ್ಲ.

ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ವೀರನ ಹೆಸರು ಬರಹದಲ್ಲಿರುತ್ತದೆ. ಅವನ ಕುದುರೆಯ ಕಾಲಡಿಯಲ್ಲಿ ಗೇಣುದ್ದದ ಮನುಷ್ಯರು ಬಿದ್ದಿರುತ್ತಾರೆ, ಒಬ್ಬನು ಕೈ ಮೇಲೆತ್ತಿರುತ್ತಾನೆ. ಅವರಿಗೂ ಮನೆಯಿತ್ತು, ಊರಿತ್ತು. ಹೆಸರನ್ನು ಮಾತ್ರ ಯಾರೂ ಕೆತ್ತಲಿಲ್ಲ. ರೋಮಿನ ಆ ಇಬ್ಬರು ದಾಸರ ನೆನಪು ನನಗೆ ಹಾನಗಲ್ಲಿನಲ್ಲಿ ಬಂದುದು ಹೀಗೆ.

ರೋಮಿಗೂ ನಮ್ಮ ಸೀಮೆಗೂ ಇರುವ ನಂಟು ಬರಿಯ ನೆನಪಿನದಲ್ಲ. ಹಾನಗಲ್ಲು ತಾಲೂಕಿನ ಅಕ್ಕಿಆಲೂರಿನಲ್ಲಿ ನೆಲದೊಳಗಿನಿಂದ ನಲವತ್ತಕ್ಕೂ ಹೆಚ್ಚು ಚಿನ್ನದ ನಾಣ್ಯಗಳ ನಿಧಿಯೊಂದು ದೊರೆತಿದೆ. ಅವುಗಳಲ್ಲಿ ಬಹುಪಾಲು ಐದು ಮತ್ತು ಆರನೆಯ ಶತಮಾನಗಳ ಚಕ್ರವರ್ತಿಗಳವು. ಇಲ್ಲಿಯೂ ಪೆನ್ಸಿಲನ್ನು ಎಚ್ಚರದಿಂದ ಹಿಡಿಯಬೇಕು. ರೋಮನ್ ನಾಣ್ಯಗಳೆಂದು ನಾವು ಕರೆದರೂ, ಆ ಚಕ್ರವರ್ತಿಗಳು ಆಳುತ್ತಿದ್ದುದು ಗೋರ್ಡಿಯಾನಸನ ರೋಮಿನಿಂದಲ್ಲ. ಪೂರ್ವದ ರಾಜಧಾನಿಯಾದ ಕಾನ್ಸ್ಟಾಂಟಿನೋಪಲ್‌ನಿಂದ. ಇಟಲಿಯಲ್ಲಿ ಪಶ್ಚಿಮದ ಕೊನೆಯ ಚಕ್ರವರ್ತಿಯು ಕ್ರಿ. ಶ. 476ರಲ್ಲಿಯೇ ಪಟ್ಟವನ್ನು ಕಳೆದುಕೊಂಡಿದ್ದನು. ನಮ್ಮಲ್ಲಿ ಆಗ ಬನವಾಸಿಯ ಕದಂಬರ ಆಳ್ವಿಕೆ. ಗ್ರೀಕ್ ಭೂಗೋಳಕಾರ ಟಾಲೆಮಿಯು ಎರಡನೆಯ ಶತಮಾನದಲ್ಲಿಯೇ ಬನವಾಸಿಯ ಹೆಸರನ್ನು ಬರೆದಿಟ್ಟಿದ್ದಾನೆ. ಮುಂಗಾರಿನ ಗಾಳಿಯನ್ನು ನಂಬಿ ಕೆಂಪು ಸಮುದ್ರದ ಕಡೆಯಿಂದ ಹೊರಟ ಹಡಗುಗಳು ನಮ್ಮ ಪಡುಗಡಲಿನ ರೇವುಗಳಿಗೆ ಬರುತ್ತಿದ್ದವು. ಮೆಣಸು ಮೊದಲಾದ ಸರಕುಗಳಿಗೆ ಪ್ರತಿಯಾಗಿ ಚಿನ್ನವು ಈ ನೆಲಕ್ಕೆ ಇಳಿಯುತ್ತಿತ್ತು. ಅಷ್ಟು ನೀಲಿ ಗೆರೆ.

ದಕ್ಷಿಣ ಭಾರತದಲ್ಲಿ ದೊರೆತ ಆ ಕಾಲದ ಇಂಥ ಅನೇಕ ನಾಣ್ಯಗಳಲ್ಲಿ ಒಂದು ವಿಶೇಷವಿದೆ. ಚಕ್ರವರ್ತಿಯ ತಲೆಯ ಮೇಲ್ಗಡೆ ಎರಡು ಸಣ್ಣ ತೂತುಗಳನ್ನು ಕೊರೆದಿರುತ್ತಾರೆ. ದಾರವನ್ನು ಪೋಣಿಸಿದರೆ ಮುಖವು ನೆಟ್ಟಗೆ ನಿಲ್ಲಬೇಕೆಂಬ ಉದ್ದೇಶ. ವ್ಯಾಪಾರದ ಹಣವಾಗಿ ಬಂದುದು ಇಲ್ಲಿ ಒಡವೆಯಾಯಿತು. ಕಾಸಿನ ಸರವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ಧರಿಸಿದವರು ಯಾರು, ದೇವರ ಮೂರ್ತಿಯೋ ಮನೆಯ ಹೆಣ್ಣುಮಗಳೋ ಎಂದು ಊಹಿಸಹೊರಟರೆ ಅಲ್ಲಿಂದ ಕೆಂಪು ಗೆರೆ ಆರಂಭವಾಗುತ್ತದೆ. ಗೋರ್ಡಿಯಾನಸನನ್ನು ಸೃಷ್ಟಿಸಿದಂಥ ಲೇಖಕನೊಬ್ಬನು ನಮ್ಮಲ್ಲಿ ಹುಟ್ಟಿದರೆ ಅವನಿಗೆ ಬೇಕಾದ ಎಡೆ ಅಲ್ಲಿದೆ. ಗಳಗನಾಥರ ಸೀಮೆಯಲ್ಲಿ ಅಂಥವರು ಹುಟ್ಟಬಾರದೆಂದೇನೂ ಇಲ್ಲ.

ಆದರೆ ಕೊಲೆಯ ಮೊಕದ್ದಮೆಗೆ ಒದಗುವ ಕ್ಯಾಸಿಯಸನ ಪ್ರಶ್ನೆ ನಿಧಿಗೆ ಒದಗುವುದಿಲ್ಲ. ಚಿನ್ನವನ್ನು ಹೂಳುವವನು ಅದನ್ನು ಬಿಟ್ಟುಬಿಡಲೆಂದು ಹೂಳುವುದಿಲ್ಲ. ಗುರುತು ಇಟ್ಟುಕೊಂಡು, ಕಾಲ ತಿಳಿಯಾದ ಮೇಲೆ ಬಂದು ಅಗೆದುಕೊಳ್ಳುವೆನೆಂದು ಹೂಳುತ್ತಾನೆ. ಅಕ್ಕಿಆಲೂರಿನ ಆ ಚಿನ್ನವು ಇಟ್ಟಲ್ಲಿಯೇ ಇದ್ದು ನಮ್ಮ ಕಾಲದವರ ಕೈಗೆ ಸಿಕ್ಕಿತು. ಹಿಂದಿನ ಸಾಲಿನ ಆ ಹುಡುಗಿಯನ್ನು ನಾನು ಕುಳ್ಳಿರಿಸದೆ ಇದ್ದಿದ್ದರೆ, ಇದನ್ನು ಕೇಳಿದೊಡನೆ ಎದ್ದು ನಿಂತು ಕೇಳುತ್ತಿದ್ದಳು: "ಹೂತಿಟ್ಟವ್ರು ತಿರುಗಿ ಯಾಕ ಬರಲಿಲ್ಲರಿ ಸರ?"